ಗೆಳತಿಯರ ಜೊತೆ ಎರಡು ದಿನ ಕಸೂತಿ ಕಲಿಯಲು ಯಾವ ಹೋಮ್‌ಸ್ಟೇ ಒಳ್ಳೆಯದು?

ಐದು ಜನ ಗೆಳತಿಯರು, ಶನಿವಾರ-ಭಾನುವಾರ, ಕಸೂತಿಯ ನಾಲ್ಕೂ ಹೊಲಿಗೆ, ಜೊತೆಗೆ ಗಿಡಮೂಲಿಕೆ ಬಣ್ಣ, ಬ್ಲಾಕ್ ಪ್ರಿಂಟ್. ನಿಮ್ಮ ಪ್ರಶ್ನೆ ಓದುತ್ತಿದ್ದರೆ ನಾಲ್ಕು ವರ್ಷದ ಹಿಂದಿನ ನಾವೇ ಕಣ್ಣ ಮುಂದೆ ಬಂದೆವು. ಹೋಮ್‌ಸ್ಟೇ ವಿಷಯ ಆಮೇಲೆ. ಮೊದಲು ಬಟ್ಟೆ ವಿಷಯ ಹೇಳುತ್ತೇನೆ.

ನಾವೂ ಐದೇ ಜನ. ಧಾರವಾಡದಲ್ಲಿ ಒಟ್ಟಿಗೆ ಓದಿ, ಬೆಂಗಳೂರು, ಪುಣೆ ಅಂತ ಚದುರಿದವರು. ಒಬ್ಬಳಿಗೆ ಆಗ ಏಳು ತಿಂಗಳು. ಎಲ್ಲರೂ ಒಂದೊಂದು ಪಟ್ಟಿ ಕಸೂತಿ ಹಾಕಿ, ಸೇರಿಸಿ ಕುಲಾವಿ, ಅಂದರೆ ಮಗುವಿನ ಟೋಪಿ, ಹೊಲಿಯೋಣ, ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತೊಡಿಸೋಣ ಎಂದು ಮಾತಾಯಿತು. ಉಳಿಯಲು ಧಾರವಾಡದ ನಮ್ಮ ಸೋದರತ್ತೆ ಮನೆ. ಕಲಿಸುವವರೂ ಅತ್ತೆಯೇ. ಬಟ್ಟೆ ತರುವ ಜವಾಬ್ದಾರಿ ನನ್ನದು.

ನಾನು ಬೆಂಗಳೂರಲ್ಲೇ ಪಾಪ್ಲಿನ್ ತಗೊಂಡೆ. ಮಗುವಿನ ತಲೆಗೆ ಮೆತ್ತಗಿರಲಿ ಎಂದು ಕೈಯಿಂದ ಸವರಿ ಸವರಿ ಆರಿಸಿದೆ. ಕಣ್ಣಿಂದ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಆ ಬಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದರು. "ಎಳಿನ ಕಾಣವಲ್ಲವು. ಏನ್ ಎಣಸ್ತೀರವಾ?" ಎಂದರು.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕಸೂತಿಗೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ, ಗಂಟೂ ಇಲ್ಲ. ಬಟ್ಟೆಯ ಎಳೆ ಎಣಿಸುವುದೇ ಚಿತ್ರ ಬರೆಯುವುದು. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಒಂದಾದ ಗಾವಂತಿ ಹಾಕುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಸೂಜಿ ಹೋಗುತ್ತದೆ. ಹೋಗುವಾಗ ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬಬೇಕು. ಆಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಒಂದೇ ಒಂದು ಕಡೆ ನಾಲ್ಕರ ಬದಲು ಐದು ಎಳೆ ಹಿಡಿದಿದ್ದರೂ ಸೂಜಿ ಹೊರಟ ಜಾಗಕ್ಕೆ ಬಂದು ಸೇರುವುದಿಲ್ಲ. ಬಿಚ್ಚಬೇಕು, ಬೇರೆ ದಾರಿ ಇಲ್ಲ.

ಪಾಪ್ಲಿನ್‌ನಲ್ಲಿ ಇನ್ನೊಂದು ತೊಂದರೆ ಇದೆ. ಅದರ ಹಾಸಿನ ಎಳೆ, ಅಂದರೆ ಉದ್ದದ ಎಳೆ, ಒತ್ತೊತ್ತು; ಹೊಕ್ಕಿನ ಎಳೆ, ಅಂದರೆ ಅಡ್ಡದ ಎಳೆ, ಕಡಿಮೆ. ಕಣ್ಣಿಗೆ ಭೂತಗನ್ನಡಿ ಹಿಡಿದು ಎಣಿಸಿದರೂ ಅಡ್ಡಕ್ಕೆ ನಾಲ್ಕು ಎಳೆ ಗಿಡ್ಡ, ಉದ್ದಕ್ಕೆ ನಾಲ್ಕು ಎಳೆ ಉದ್ದ. ಚೌಕ ಚೌಕವಾಗಿ ಬರುವುದೇ ಇಲ್ಲ. ಹಿಂದಿನವರು ಇಳಕಲ್ ಕೈಮಗ್ಗದ ಸೀರೆ ಮೇಲೆ ಗೋಪುರ, ತೇರು ಹಾಕುತ್ತಿದ್ದರಲ್ವಾ, ಆ ನೇಯ್ಗೆಯಲ್ಲಿ ಎಳೆ ಕೈಗೆ ಸಿಗುತ್ತಿತ್ತು.

ಎಳೆ ಎಣಿಸಲು ಸಿಗುವ ಮ್ಯಾಟಿ ಬಟ್ಟೆ ತರಿಸುತ್ತೇನೆ ಎಂದು ಅತ್ತೆ ಅಂದರು. ಇರೋದೇ ಎರಡು ದಿನ ಎಂದು ನಾನೇ ಬೇಡ ಅಂದೆ. ಪಾಪ್ಲಿನ್ ಮೇಲೆಯೇ ಕಾರ್ಬನ್ ಹಾಳೆ ಇಟ್ಟು ತುಳಸಿ ಕಟ್ಟೆಯ ಚಿತ್ರ ಇಳಿಸಿಕೊಂಡೆವು. ಭಾನುವಾರ ಮಧ್ಯಾಹ್ನ ಐದೂ ಪಟ್ಟಿ ಪಕ್ಕಪಕ್ಕ ಇಟ್ಟಾಗ ಒಂದರ ಅಳತೆ ಇನ್ನೊಂದಕ್ಕೆ ಇಲ್ಲ. ಹಿಂದೆ ತಿರುಗಿಸಿದರೆ ದಾರ ಅಡ್ಡಾದಿಡ್ಡಿ. ಬಸುರಿ ಹುಡುಗಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಎರಡು ದಿನ ಕೂತು ಹಾಕಿದ ಪಟ್ಟಿಯೂ ಅದರಲ್ಲಿತ್ತು. ಅವಳು ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ತೊಟ್ಟಿಲ ದಿನ ಮಗು ಅಂಗಡಿ ಟೋಪಿ ಹಾಕಿಕೊಂಡಿತ್ತು.

ಆಮೇಲೆ ಅತ್ತೆ ಹತ್ತಿರವೇ ಕೂತು, ಮ್ಯಾಟಿ ಮೇಲೆ, ಬರೀ ಗಾವಂತಿ ಕಲಿತೆ. ಒಂದು ಸಾಲು ಸರಿಯಾಗಿ ಬರಲು ನನಗೆ ಒಂದು ಇಡೀ ಬೆಳಿಗ್ಗೆ ಬೇಕಾಯಿತು.

ಹಾಗಾಗಿ ನಿಮ್ಮ ಪಟ್ಟಿಯಿಂದ ಬಣ್ಣ, ಬ್ಲಾಕ್ ಪ್ರಿಂಟ್ ಎರಡನ್ನೂ ತೆಗೆದುಬಿಡಿ. ಬಣ್ಣ ಹಿಡಿಯಲು ಹತ್ತಿ ಬಟ್ಟೆಯ ಗಂಜಿ ಹೋಗುವಂತೆ ಕುದಿಸಿ, ಅಳಲೆಕಾಯಿ ನೀರಲ್ಲಿ ನೆನೆಸಿ, ಪಟಿಕ ಹಾಕಿ ಒಣಗಿಸುವಷ್ಟರಲ್ಲೇ ನಿಮ್ಮ ಭಾನುವಾರ ಮುಗಿಯುತ್ತದೆ. ಉಳಿದ ಮೂರು ಹೊಲಿಗೆ, ಮುರಗಿ, ನೇಗಿ, ಮೆಂತೆ, ಮುಂದಿನ ಸಲಕ್ಕಿರಲಿ. ಗಾವಂತಿ ಒಂದೇ ಸಾಕು.

ಹೋಮ್‌ಸ್ಟೇ ಹುಡುಕಲೇಬೇಡಿ, ಕಲಿಸುವವರನ್ನು ಹುಡುಕಿ. ಹುಬ್ಬಳ್ಳಿ-ಧಾರವಾಡದ ಕಡೆ ಮನೆಯಲ್ಲೇ ಕಸೂತಿ ಹಾಕುವ ಹೆಣ್ಣುಮಕ್ಕಳಿದ್ದಾರೆ. ಅವರ ಊರಲ್ಲಿ, ಅವರಿಗೆ ಅನುಕೂಲವಾದ ದಿನ, ತಕ್ಕ ದುಡ್ಡು ಕೊಟ್ಟು ಕಲಿಯಿರಿ. ಉಳಿಯುವ ಜಾಗಕ್ಕೆ ದೊಡ್ಡ ಕಿಟಕಿ ಇದ್ದರೆ ಆಯ್ತು. ಕಪ್ಪು ಚಂದ್ರಕಾಳಿ ಸೀರೆಯ ಆಸೆ ಇದ್ದರೂ ಕಲಿಯುವಾಗ ಕಪ್ಪು ಬಟ್ಟೆ ಬೇಡ, ಎಳೆ ಕಾಣದೆ ಕಣ್ಣು ಸೋಲುತ್ತದೆ.

ಬಟ್ಟೆಯನ್ನು ಈ ವಾರವೇ ತಗೊಳ್ಳಿ. ಒಂದು ಇಂಚು ಅಡ್ಡಕ್ಕೆ, ಒಂದು ಇಂಚು ಉದ್ದಕ್ಕೆ ಗುರುತು ಮಾಡಿ, ಸೂಜಿ ತುದಿಯಿಂದ ಎಳೆ ಎಣಿಸಿ. ಎರಡೂ ಲೆಕ್ಕ ಒಂದೇ ಬಂದರೆ ಕತ್ತರಿಸಿ ಐವರಿಗೂ ಹಂಚಿ. ಬರದಿದ್ದರೆ ವಾಪಸ್ ಕೊಟ್ಟು ಬೇರೆ ತನ್ನಿ.