32 ಜಿಬಿ ರ‍್ಯಾಮ್ ಇದ್ದರೂ ‘ಮೆಮೊರಿ ಸಾಲದು’ ಅಂತ ಬರೋದಕ್ಕೆ

ವಿಂಡೋಸ್‌ನ ಪೇಜಿಂಗ್ ಫೈಲ್ (ರ‍್ಯಾಮ್‌ಗೆ ನೆರವಾಗಿ ಡಿಸ್ಕ್‌ನಲ್ಲಿ ಇರೋ ಫೈಲ್) ಪೂರ್ತಿ ತೆಗೆದೀನಿ ಅಂತ ನೀವು ಹೇಳಿದ್ರಿ; ಬಹುತೇಕ ಅದೇ ಕಾರಣ. ಪ್ರೋಗ್ರಾಂಗಳು ಬಳಸೋದಕ್ಕಿಂತ ಹೆಚ್ಚು ಜಾಗ ಮೊದಲೇ ಕಾದಿರಿಸ್ಕೊಳ್ತಾವ. ಹಿಂಗ ಕಾದಿರಿಸೋ ಒಟ್ಟು ಜಾಗದ ಮಿತಿ ರ‍್ಯಾಮ್, ಪೇಜಿಂಗ್ ಫೈಲ್ ಎರಡೂ ಕೂಡಿದ್ದು. ಅದಕ್ಕೇ ರ‍್ಯಾಮ್ ಖಾಲಿ ಕಂಡರೂ ನಿಮ್ಮ ಫ್ಲೆಕ್ಸ್ ಡಿಸೈನ್ ನಡುವೆಯೇ ಮುಚ್ಚಿ ಹೋಗತೈತಿ.

ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ ಒಳಗ ‘ಕಮಿಟೆಡ್’ ನೋಡ್ರಿ: ಮೊದಲ ಅಂಕಿ ಕಾದಿರಿಸಿದ್ದು, ಎರಡನೇದು ಮಿತಿ. ಗಂಗಾವತಿಯ ನಮ್ಮ ಅಂಗಡಿಯ, ಪೇಜಿಂಗ್ ಫೈಲ್ ಇಲ್ಲದ 16 ಜಿಬಿ ಕಂಪ್ಯೂಟರ್‌ನಲ್ಲಿ ಅದು 15.6/15.9 ಜಿಬಿ ಇತ್ತು, ರ‍್ಯಾಮ್ ಬಳಕೆ ಬರೀ 10 ಜಿಬಿ.

ಸ್ಟಾರ್ಟ್‌ನಲ್ಲಿ ‘ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕ್ರಿ. ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಚೇಂಜ್. ಮೇಲಿನ ‘ಆಟೊಮ್ಯಾಟಿಕಲಿ ಮ್ಯಾನೇಜ್’ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡ್ರಿ. ಸಿ ಡ್ರೈವ್‌ನಲ್ಲಿ ಜಾಗ ಇರಲಿ.

ಆಮೇಲೂ ಕಮಿಟೆಡ್ ಏರುತ್ತಲೇ ಹೋದರ ನಿಮ್ಮ ಡಿಸೈನ್ ಸಾಫ್ಟ್‌ವೇರೇ ಮೆಮೊರಿ ಬಿಡ್ತಿಲ್ಲ ಅನಿಸತೈತಿ. ಅದನ್ನ ಅಪ್‌ಡೇಟ್ ಮಾಡಿ ನೋಡ್ರಿ.