ಲಿನಕ್ಸ್ ಹಾಕಿದ ಮೇಲೆ ಫ್ಯಾನ್ ನಿಲ್ಲುತ್ತಲೇ ಇಲ್ಲ!

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಹೊಸದಾಗಿ ಉಬುಂಟು ಹಾಕಿದ್ದೇನೆ. ಏನೂ ಕೆಲಸ ಮಾಡದೆ ಸುಮ್ನೆ ಬಿಟ್ಟಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತದೆ. ವಿಂಡೋಸ್ ಇದ್ದಾಗ ಹೀಗಿರಲಿಲ್ಲ. ವೇಗ ಕಡಿಮೆ ಮಾಡೋಣ ಅಂತ ಫ್ಯಾನ್‌ಕಂಟ್ರೋಲ್ ಪ್ರೋಗ್ರಾಮ್ ಹಾಕಿ, ಫ್ಯಾನ್‌ಗಳನ್ನು ಹುಡುಕುವ ಪಿಡಬ್ಲ್ಯೂಎಂಕಾನ್ಫಿಗ್ ಕಮಾಂಡ್ ಓಡಿಸಿದೆ. ಹತೋಟಿಗೆ ಸಿಗುವ ಫ್ಯಾನೇ ಇಲ್ಲ ಅನ್ನುತ್ತಿದೆ. ಡ್ರೈವರ್ ಸರಿಯಿಲ್ಲವೇ?

ಉತ್ತರ: ಡ್ರೈವರ್ ಮೇಲೆ ಅನುಮಾನ ಬೇಡ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪಿಡಬ್ಲ್ಯೂಎಂಕಾನ್ಫಿಗ್ ಹೇಳುವುದು ಇದನ್ನೇ. ಅದು ಹೆಚ್ಚಾಗಿ ಕೆಲಸಕ್ಕೆ ಬರುವುದು ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಇರುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್‌ನ ಕೈಯಲ್ಲಿ. ಅದಕ್ಕೆ ತನ್ನದೇ ಫರ್ಮ್‌ವೇರ್, ಅಂದರೆ ಚಿಪ್‌ನೊಳಗೇ ಕೂತಿರುವ ಸಾಫ್ಟ್‌ವೇರ್, ಇದೆ. ಮೇಲೆ ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೂ ಅದು ತನ್ನ ಪಾಡಿಗೆ ಬಿಸಿ ನೋಡಿಕೊಂಡು ಫ್ಯಾನ್ ತಿರುಗಿಸುತ್ತದೆ. ಲಿನಕ್ಸ್ ಪೂರ್ತಿ ಹ್ಯಾಂಗ್ ಆದಾಗಲೂ ಫ್ಯಾನ್ ನಿಲ್ಲದಿರುವುದು ಇದರಿಂದಲೇ. ಒಳ್ಳೆಯದೇ ಆಯ್ತು, ಅಲ್ವಾ?

ಹಾಗಾಗಿ ಫ್ಯಾನ್ ಬಾಯಿ ಮುಚ್ಚಿಸುವ ಯೋಚನೆ ಸದ್ಯಕ್ಕೆ ಬಿಡಿ. ಒಳಗೆ ನಿಜವಾಗಿ ಬಿಸಿ ಇದೆಯೋ ಇಲ್ಲವೋ ಅನ್ನುವುದನ್ನು ಮೊದಲು ನೋಡಿ. ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ ಸೆನ್ಸರ್ಸ್ ಕಮಾಂಡ್ ಕೊಡಿ. ಇಂಟೆಲ್ ಆದರೆ ಕೋರ್‌ಟೆಂಪ್, ಎಎಂಡಿ ಆದರೆ ಕೆ10ಟೆಂಪ್ ಎಂಬ ಹೆಸರಿನ ಕೆಳಗೆ ಪ್ರೊಸೆಸರ್ ಬಿಸಿ ಕಾಣುತ್ತದೆ. ಎಲ್ಲ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಅದು 40–50 ಡಿಗ್ರಿ ಆಸುಪಾಸಿಗೆ ಇಳಿದರೆ ಚಿಂತೆಯಿಲ್ಲ. 70ರ ಹತ್ತಿರವೇ ನಿಂತಿದ್ದರೆ ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ಅದು ಯಾರು ಅನ್ನುವುದನ್ನು ಟಾಪ್ ಅಥವಾ ಎಚ್‌ಟಾಪ್ ಕಮಾಂಡ್ ತೋರಿಸುತ್ತದೆ. ಹೊಸದಾಗಿ ಹಾಕಿದ ಸಿಸ್ಟಮ್ ಆದರೆ ಫೈಲ್ ಇಂಡೆಕ್ಸ್ ಮಾಡುವ ಪ್ರೋಗ್ರಾಮ್ ಇರಬಹುದು. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಟ್ರ್ಯಾಕರ್ (ಹೊಸ ಆವೃತ್ತಿಗಳಲ್ಲಿ ಇದರ ಹೆಸರು ಲೋಕಲ್‌ಸರ್ಚ್), ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಬಲೂ. ಕೆಲಸ ಮುಗಿದ ಮೇಲೆ ಅದು ತಾನೇ ಸುಮ್ಮನಾಗುತ್ತದೆ. ವಿಡಿಯೊ ನೋಡುವಾಗ ಮಾತ್ರ ಸದ್ದು ಜಾಸ್ತಿಯಾದರೆ, ಬ್ರೌಸರ್ ಗ್ರಾಫಿಕ್ಸ್ ಚಿಪ್ ಬಿಟ್ಟು ಪ್ರೊಸೆಸರ್ ಕೈಯಲ್ಲೇ ಡಿಕೋಡ್ ಮಾಡಿಸುತ್ತಿರಬಹುದು. ಇನ್ನು ಲಿನಕ್ಸ್ ಕರ್ನಲ್‌ನ ಹಿನ್ನೆಲೆ ಕೆಲಸ ಮಾಡುವ ಕೆವರ್ಕರ್ ಎಂಬುದು ಪ್ರೊಸೆಸರ್‌ನ ಒಂದು ಕೋರ್ ಅನ್ನು ಬಿಡದೆ ತಿನ್ನುತ್ತಿದ್ದರೆ, ಸಿಸ್ ಫೋಲ್ಡರ್ ಒಳಗಿನ ಫರ್ಮ್‌ವೇರ್, ಅದರೊಳಗಿನ ಎಸಿಪಿಐ, ಅದರೊಳಗಿನ ಇಂಟರಪ್ಟ್ಸ್ ಫೋಲ್ಡರ್ (/sys/firmware/acpi/interrupts) ನೋಡಿ. ಅಲ್ಲಿ ಯಾವುದೋ ಒಂದು ಜಿಪಿಇ (ಹಾರ್ಡ್‌ವೇರ್ ಕಡೆಯಿಂದ ಬರುವ ಸೂಚನೆ) ಎಣಿಕೆ ನೋಡನೋಡುತ್ತಲೇ ಏರುತ್ತಿದ್ದರೆ ಅದು ಫರ್ಮ್‌ವೇರ್ ಕಡೆಯ ಕಾಟ. ಬಯೋಸ್ (ಮದರ್‌ಬೋರ್ಡ್‌ನ ಫರ್ಮ್‌ವೇರ್) ಅಪ್‌ಡೇಟ್ ಇದೆಯೇ ಅಂತ ನೋಡುವುದು ಅದಕ್ಕೆ ಮೊದಲ ಮದ್ದು.

ಟಾಪ್‌ನಲ್ಲಿ ಯಾರೂ ಸಿಗದೆ ಹೋದರೆ? ಆಗ ನನ್ನ ಮೊದಲ ಅನುಮಾನ ಎನ್‌ವಿಡಿಯಾ ಗ್ರಾಫಿಕ್ಸ್ ಮೇಲೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಚಿಪ್ ಕೆಲಸವಿಲ್ಲದಾಗ ಮಲಗಬೇಕು. ಡ್ರೈವರ್ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಎಚ್ಚರವಾಗಿಯೇ ಇದ್ದು ಬಿಸಿ ಕಾರುತ್ತದೆ. ಇದನ್ನು ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಕೊಟ್ಟು ನೋಡಲು ಹೋಗಬೇಡಿ. ಮಲಗಿದ್ದ ಚಿಪ್ಪನ್ನು ಆ ಕಮಾಂಡೇ ಎಬ್ಬಿಸಿಬಿಡುತ್ತದೆ! ಸಿಸ್ ಒಳಗೆ ಆ ಪಿಸಿಐ ಸಾಧನದ ಪವರ್ ಫೋಲ್ಡರ್‌ನಲ್ಲಿ ರನ್‌ಟೈಮ್ ಸ್ಟೇಟಸ್ ಎಂಬ ಫೈಲ್ ಇದೆ. ಅದರಲ್ಲಿ ಸಸ್ಪೆಂಡೆಡ್ ಅಂತ ಇರಬೇಕು. ಆ್ಯಕ್ಟಿವ್ ಅಂತಿದ್ದರೆ, ಉಬುಂಟುವಿನಲ್ಲಿ ಪ್ರೈಮ್-ಸೆಲೆಕ್ಟ್ ಕಮಾಂಡ್ ಬಳಸಿ ಆನ್-ಡಿಮಾಂಡ್ (ಬೇಕಾದಾಗ ಮಾತ್ರ) ಮಾಡಿ, ರೀಸ್ಟಾರ್ಟ್ ಮಾಡಿ ನೋಡಿ.

ಪವರ್ ಮೋಡ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಪರ್ಫಾರ್ಮೆನ್ಸ್ ಇದ್ದರೆ ಬ್ಯಾಲೆನ್ಸ್ಡ್ ಮಾಡಿ. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ನೇರವಾಗಿ ಫರ್ಮ್‌ವೇರ್‌ಗೇ ತಲುಪುತ್ತದೆ, ಫ್ಯಾನಿನ ನಡವಳಿಕೆಯೂ ಬದಲಾಗುತ್ತದೆ. ನಿಮಗೆ ನಿಜವಾಗಿ ಕೈಗೆ ಸಿಗುವ ಹಿಡಿ ಇದೇ. ವಿದ್ಯುತ್ ಬಳಕೆ ನೋಡಿಕೊಳ್ಳುವ ಟಿಎಲ್‌ಪಿ ಮತ್ತು ಪವರ್-ಪ್ರೊಫೈಲ್ಸ್-ಡೀಮನ್ ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಒಂದನ್ನು ಇಟ್ಟುಕೊಳ್ಳಿ.

ಇನ್ನೊಂದು ಸಾಧ್ಯತೆ: ಒಳಗೆ ತಣ್ಣಗಿದೆ, ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲಿದೆ. ಆಗ ಕಂಟ್ರೋಲರ್‌ಗೇ ಮಂಕು ಕವಿದಿರುತ್ತದೆ. ನಿದ್ದೆಯಿಂದ ಎದ್ದ ಮೇಲೆ ಹೀಗಾಗುವುದುಂಟು. ರೀಸ್ಟಾರ್ಟ್ ಸಾಲದು. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಆಮೇಲೆ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯೂಯುಪಿಡಿ ಮೂಲಕ ಹೊಸ ಬಯೋಸ್ ಬಂದಿದೆಯೇ ನೋಡಿ.

ಕೆಲಸ ಕೊಟ್ಟ ಕೆಲವೇ ಕ್ಷಣದಲ್ಲಿ 95 ಡಿಗ್ರಿಗೆ ಜಿಗಿದು, ಬಿಟ್ಟ ತಕ್ಷಣ ಇಳಿಯುವುದಾದರೆ ಸಾಫ್ಟ್‌ವೇರ್ ಕೆದಕಿ ಪ್ರಯೋಜನವಿಲ್ಲ. ಒಣಗಿದ ಥರ್ಮಲ್ ಪೇಸ್ಟ್ ಇಲ್ಲವೇ ಧೂಳು.

ಪ್ರಶ್ನೆ: ನನ್ನದು ಥಿಂಕ್‌ಪ್ಯಾಡ್. ಇದರಲ್ಲಿ ಲಿನಕ್ಸ್‌ನಿಂದಲೇ ಫ್ಯಾನ್ ನಿಲ್ಲಿಸಬಹುದಂತೆ. ಮಾಡಬಹುದೇ?

ಉತ್ತರ: ಹೌದು, ಥಿಂಕ್‌ಪ್ಯಾಡ್-ಎಸಿಪಿಐ ಎಂಬ ಡ್ರೈವರ್ ಮಾಡ್ಯೂಲ್‌ಗೆ ಆ ಸೌಲಭ್ಯ ಇದೆ. ಆದರೆ ಅಪಾಯದ ವಿಷಯ ಅಂತ ಬೇಕೆಂದೇ ಮುಚ್ಚಿಟ್ಟಿದ್ದಾರೆ. ಮಾಡ್ಯೂಲ್ ಲೋಡ್ ಮಾಡುವಾಗ ಫ್ಯಾನ್-ಕಂಟ್ರೋಲ್ ಆಯ್ಕೆಗೆ 1 ಕೊಟ್ಟರೆ ತೆರೆಯುತ್ತದೆ. 0ಯಿಂದ 7ರವರೆಗೆ ಹಂತಗಳಿವೆ, 0 ಅಂದರೆ ಫ್ಯಾನ್ ಬಂದ್. ಆಟೋ ಅಂದರೆ ಮತ್ತೆ ಫರ್ಮ್‌ವೇರ್ ಕೈಗೆ. ಕೈಯಾರೆ 0 ಇಟ್ಟು ಮರೆತರೆ ಕಷ್ಟ. ಥಿಂಕ್‌ಫ್ಯಾನ್ ಎಂಬ ಪ್ರೋಗ್ರಾಮ್ ಹಾಕಿ, ಯಾವ ಬಿಸಿಗೆ ಯಾವ ಹಂತ ಅಂತ ಅದರಲ್ಲೇ ಬರೆದಿಡಿ. ಡ್ರೈವರ್‌ನ ವಾಚ್‌ಡಾಗ್ (ಕಾವಲು) ಸೌಲಭ್ಯವನ್ನೂ ಬಳಸಿ. ಅದಕ್ಕೆ 120 ಸೆಕೆಂಡ್‌ವರೆಗೆ ಗಡುವು ಕೊಡಬಹುದು. ಅಷ್ಟರೊಳಗೆ ಹೊಸ ಆದೇಶ ಬರದಿದ್ದರೆ ಡ್ರೈವರ್ ಫ್ಯಾನನ್ನು ಸುರಕ್ಷಿತ ಸ್ಥಿತಿಗೆ ತರುತ್ತದೆ, ಥಿಂಕ್‌ಫ್ಯಾನ್ ನಡುವೆ ಕ್ರ್ಯಾಶ್ ಆದರೂ.