ಓದುಗರ ಪ್ರಶ್ನೆ: ಕಟ್ಟಿಗೆ ಒಲೆಯ ಒಳಮೈಗೆ ಯಾವ ಇಟ್ಟಿಗೆ?

ಪ್ರಶ್ನೆ: ನಮ್ಮದು ಬೆಣ್ಣೆದೋಸೆ ಹೋಟೆಲು. ಕಬ್ಬಿಣದ ಚೌಕಟ್ಟಿನ ಕಟ್ಟಿಗೆ ಒಲೆಗೆ ಹಾಕಿದ್ದ ಮಾಮೂಲಿ ಇಟ್ಟಿಗೆ ಉದುರುತ್ತಿದೆ. ಅಂಗಡಿಯಲ್ಲಿ ಭಾರದ ಫೈರ್ ಬ್ರಿಕ್, ಹಗುರಾದ ಬಿಳಿ ಇಟ್ಟಿಗೆ ಎರಡೂ ಇವೆ. ಹಗುರದ್ದೇ ಶಾಖ ಚೆನ್ನಾಗಿ ತಡೆಯುತ್ತದೆ ಅಂತಾರೆ. ಯಾವುದು ತರಲಿ?
– ಓದುಗರು, ದಾವಣಗೆರೆ

ಉತ್ತರ: ಅಂಗಡಿಯವರ ಮಾತು ಅರ್ಧ ಸರಿ. ಹಗುರ ಇಟ್ಟಿಗೆಯ ಒಳಗೆಲ್ಲ ಗಾಳಿಗೂಡು. ಅದರಿಂದ ಹೊರಹೋಗುವ ಶಾಖ ಭಾರದ್ದಕ್ಕಿಂತ ನಾಲ್ಕೈದು ಪಟ್ಟು ಕಮ್ಮಿ. ಆದರೆ ಉಗುರಿನಲ್ಲಿ ಗೀರಿದರೂ ಪುಡಿ ಬರುತ್ತದೆ. ಕಟ್ಟಿಗೆ ತುರುಕುವಾಗ ತುದಿ ನಾಲ್ಕು ಸಲ ಬಡಿದರೆ ಮೂಲೆ ಹೋಯಿತು. ಮೇಲಾಗಿ ಬೂದಿಯಲ್ಲಿನ ಪೊಟ್ಯಾಶ್ ಆ ರಂಧ್ರಗಳಿಗೆ ಇಳಿದು ಇಟ್ಟಿಗೆಯನ್ನು ತಿನ್ನುತ್ತದೆ. ನಿಮ್ಮ ಮಾಮೂಲಿ ಇಟ್ಟಿಗೆಗೆ ಬಡಿದಿರುವ ರೋಗವೂ ಇದೇ: ಗಾಜಿನಂತೆ ಹೊಳೆದು ಆಮೇಲೆ ಹಕ್ಕಳೆ ಏಳುತ್ತದೆ.

ಬೆಂಕಿಯ ಕಡೆಗೆ ಭಾರದ್ದು, ಅದರ ಹಿಂದೆ ಹಗುರದ್ದು ಇಡಿ. ಚೌಕಟ್ಟಿನಲ್ಲಿ ಎರಡಕ್ಕೂ ಸೇರಿ ಆರಿಂಚು ಜಾಗವಿಲ್ಲದಿದ್ದರೆ ಭಾರದ್ದೊಂದೇ ಸಾಕು. ಭಾರದ್ದರಲ್ಲಿ ಮನೆ ಒಲೆಗೆ ಐಎಸ್ (ಭಾರತೀಯ ಮಾನಕ) 6 ದರ್ಜೆ, ಅಂದರೆ ಮಧ್ಯಮ ಶಾಖದ್ದು, ನಡೆಯುತ್ತದೆ. ದಿನವಿಡೀ ಉರಿಯುವ ಹೋಟೆಲ್ ಒಲೆಗೆ ಹೆಚ್ಚು ಶಾಖದ ಐಎಸ್ 8 ಕೇಳಿ. 230×115×75 ಮಿ.ಮೀ. ಇಟ್ಟಿಗೆ ಸುಮಾರು 4 ಕೆಜಿ ತೂಗಬೇಕು. ಎರಡನ್ನು ಒಂದಕ್ಕೊಂದು ತಟ್ಟಿ ನೋಡಿ. ಠಣ್ ಎಂದರೆ ತನ್ನಿ, ಮಂದ ಸದ್ದು ಬಂದರೆ ಒಳಗೆ ಬಿರುಕಿದೆ.

ಒಳಗಡೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಒಲೆಗೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಮೂರು ವರಸೆ ಕಟ್ಟಿದರೆ, ಎರಡು ಪಕ್ಕ ಮತ್ತು ಹಿಂಗೋಡೆಗೆ 24, ತಳಕ್ಕೆ 11 ಬೇಕು. ಒಡೆಯುವುದೂ ಸೇರಿ 40 ತನ್ನಿ. ಕಾದಾಗ ಎರಡಡಿ ಗೋಡೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಕಬ್ಬಿಣಕ್ಕೂ ಇಟ್ಟಿಗೆಗೂ ನಡುವೆ 5 ಮಿ.ಮೀ. ರಟ್ಟು ಇಟ್ಟು ಕಟ್ಟಿ. ಅದು ಸುಟ್ಟುಹೋಗಿ ಸಂದು ಉಳಿಯುತ್ತದೆ. ಮೇಸ್ತ್ರಿಗಳು ಬಿಗಿಯಾಗಲೆಂದು ಇದನ್ನು ಬಿಟ್ಟುಬಿಡುತ್ತಾರೆ, ನಿಂತು ನೋಡಿಕೊಳ್ಳಿ.

ಪ್ರಶ್ನೆ: ಇಟ್ಟಿಗೆ ಇಟ್ಟಿಗೆಯ ನಡುವಿನ ಸಂದಿಗೆ ಸಿಮೆಂಟು ಹಾಕಬಹುದೇ?
– ಓದುಗರು, ಹರಿಹರ

ಉತ್ತರ: ಬೇಡ. ಮಾಮೂಲಿ ಸಿಮೆಂಟಿನಲ್ಲಿರುವ ಸುಣ್ಣದ ಅಂಶ 400–500 ಡಿಗ್ರಿ ದಾಟಿದರೆ ನೀರು ಕಳೆದುಕೊಳ್ಳುತ್ತದೆ, ಒಲೆ ಆರಿದ ಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ. ಕೆಲವೇ ದಿನಕ್ಕೆ ಸಂದು ಪುಡಿ. ಫೈರ್ ಕ್ಲೇ (ಬೆಂಕಿ ತಡೆಯುವ ಜೇಡಿಮಣ್ಣು) ಗಾರೆ ತಂದು ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ. ಇಟ್ಟಿಗೆಯನ್ನು ನೀರಲ್ಲಿ ಅದ್ದಿ ತೆಗೆದು, ಗಾರೆ ಸವರಿ, ಒತ್ತಿ ಕೂರಿಸಿ. ಸಂದು 2–3 ಮಿ.ಮೀ. ಮೀರಬಾರದು, 40 ಇಟ್ಟಿಗೆಗೆ ಹತ್ತು ಕೆಜಿ ಗಾರೆ ಸಾಕು. ಎರಡು ಮೂರು ದಿನ ನೆರಳಲ್ಲಿ ಆರಲಿ. ಆಮೇಲೆ ಪುಳ್ಳೆಯಿಂದ ಒಂದು ಗಂಟೆ ಸಣ್ಣ ಉರಿ, ಮರುದಿನ ಸ್ವಲ್ಪ ಹೆಚ್ಚು. ಉರಿ ಶುರುಮಾಡಿದ ನಾಲ್ಕನೇ ದಿನಕ್ಕೆ ಪೂರ್ತಿ ಉರಿ ಹಾಕಬಹುದು. ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಸಂದನ್ನು ಒಡೆದುಕೊಂಡು ಬರುತ್ತದೆ.

ಪ್ರಶ್ನೆ: ನಮ್ಮಲ್ಲಿ ಬಂಡೆಗಲ್ಲು ಬೇಕಾದಷ್ಟಿದೆ. ಅದನ್ನೇ ಒಳಗೆ ಹಾಕಿದರೆ?
– ಓದುಗರು, ಚಿತ್ರದುರ್ಗ

ಉತ್ತರ: ಕೋಟೆಗೆ ಸರಿ, ಒಲೆಯೊಳಗೆ ಬೇಡ. ಗ್ರಾನೈಟ್‌ನಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ತಟ್ಟನೆ ಹಿಗ್ಗುತ್ತದೆ. ಕಲ್ಲು ಸಿಡಿದು ಚಕ್ಕೆ ಮುಖಕ್ಕೇ ಹಾರಬಹುದು. ಹೊರಗಟ್ಟೆಗೆ ಧಾರಾಳವಾಗಿ ಬಳಸಿ.